ಕಿರುಬೆರಳಿನ ಉತ್ತರ

ಜಯನಗರದಲ್ಲಿ ಹೊಸದಾಗಿ ತೆರೆದ ಕಾಫಿ ಅಂಗಡಿಯೊಂದರಲ್ಲಿ ಹಳೆಯ ಟೈಪ್‌ರೈಟರನ್ನು ಚೆಂದಕ್ಕೆಂದು ಇಟ್ಟಿದ್ದಾರೆ. ಮೊನ್ನೆ ಅಕ್ಕನ ಜೊತೆ ಹೋದಾಗ ಅದರ ಎಣ್ಣೆಯ ವಾಸನೆ ಮೂಗಿಗೆ ಬಡಿದು ನನಗೆ ಮೈಯೆಲ್ಲ ಉರಿಯಿತು. ಕಾಫಿ ಕುಡಿಯಲು ಹೋಗಿ ಕೋಪ ಮಾಡಿಕೊಳ್ಳುವ ಮುದುಕ ಎಂದು ನೀವು ನಗಬಹುದು. ನಗಿ, ಆದರೆ ಪೂರ್ತಿ ಕೇಳಿ.

ಎಪ್ಪತ್ತರ ದಶಕದ ಕೊನೆಯಲ್ಲಿ ಅಕ್ಕ ನಾಲ್ಕನೇ ಬ್ಲಾಕಿನ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗುತ್ತಿದ್ದಳು. ಓದಿದ್ದು ಕನ್ನಡ ಮೀಡಿಯಂ. ಅಲ್ಲಿನ ಮೇಷ್ಟ್ರು ಕೀಲಿ ನೋಡಲು ಬಿಡುತ್ತಿರಲಿಲ್ಲ. ಎಲ್ಲವನ್ನೂ ಬೆರಳಿನಿಂದಲೇ ಕರೆಯುತ್ತಿದ್ದರು. ಕಾಮಾ ಎನ್ನುವ ಬದಲು ಬಲಗೈ ನಡುಬೆರಳು ಕೆಳಗೆ, ಫುಲ್‌ಸ್ಟಾಪ್ ಎನ್ನುವ ಬದಲು ಉಂಗುರದ ಬೆರಳು ಕೆಳಗೆ, ಸೆಮಿಕೋಲನ್ ಎನ್ನುವ ಬದಲು ಕಿರುಬೆರಳು ಇದ್ದಲ್ಲೇ.

"ಹೆಸರು ತಗೊಂಡು ಏನ್ಮಾಡ್ತೀಯಮ್ಮ? ಬೆರಳಿಗೆ ಗೊತ್ತಿದ್ರೆ ಸಾಕು" ಎನ್ನುತ್ತಿದ್ದರು. ಅಕ್ಕನ ಬೆರಳಿಗೆ ಎಲ್ಲವೂ ಗೊತ್ತಿತ್ತು. ಒಂದು ಚುಕ್ಕಿಯೂ ತಪ್ಪುತ್ತಿರಲಿಲ್ಲ.

ಗಂಡುಮಗನೆಂದು ಅಪ್ಪ ನನ್ನೊಬ್ಬನನ್ನೇ ಇಂಗ್ಲಿಷ್ ಮೀಡಿಯಂಗೆ ಸೇರಿಸಿದ್ದರು. ಹೈಫನ್, ಅಪಾಸ್ಟ್ರಫಿ, ಇನ್ವರ್ಟೆಡ್ ಕಾಮಾ ಎಂದು ಎಲ್ಲ ಹೆಸರನ್ನೂ ಬಾಯಿಪಾಠ ಒಪ್ಪಿಸಿ ಶಹಬ್ಬಾಸ್ ಪಡೆದವನು ನಾನು. ಸೆಮಿಕೋಲನ್ನನ್ನು ಎಲ್ಲಿ ಹಾಕಬೇಕೆಂದು ಇಂದಿಗೂ ತಿಳಿಯದು.

ಒಂದು ಕಂಪನಿಯಲ್ಲಿ ಅಕ್ಕನಿಗೆ ಇಂಟರ್‌ವ್ಯೂ ಬಂತು. ಕೊಟ್ಟ ಪತ್ರವನ್ನು ತಪ್ಪಿಲ್ಲದೆ ಟೈಪ್ ಮಾಡಿದಳು. ಮೂವರಲ್ಲಿ ಒಬ್ಬ ಅಧಿಕಾರಿ ಅದರಲ್ಲಿದ್ದ ಸೆಮಿಕೋಲನ್ ಮೇಲೆ ಪೆನ್ಸಿಲ್ ಇಟ್ಟು, "ಇದರ ಹೆಸರೇನಮ್ಮ?" ಎಂದು ಕೇಳಿದ. ಅಕ್ಕ ಗಾಬರಿಯಲ್ಲಿ ಬಲಗೈ ಕಿರುಬೆರಳನ್ನು ಮೇಜಿನ ಮೇಲೆ ಟಕ್ಕೆಂದು ಒತ್ತಿ ತೋರಿಸಿದಳು. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ಹೆಸರೇ ಗೊತ್ತಿಲ್ಲ, ಡಿಕ್ಟೇಷನ್ ಹೇಗ್ ತಗೋತೀಯ? ಹೋಗ್ಬಹುದು."

ಅವಳು ಮತ್ತೆ ಯಾವ ಇಂಟರ್‌ವ್ಯೂಗೂ ಹೋಗಲಿಲ್ಲ. ಸರ್ಟಿಫಿಕೇಟು ಟ್ರಂಕಿನ ತಳ ಸೇರಿತು. ಕೆಲಸ ಬಲ್ಲವಳನ್ನು ಒಂದು ಹೆಸರಿಗಾಗಿ ಓಡಿಸಿದ ಆ ದರಿದ್ರರನ್ನು ನಾನು ನಲವತ್ತು ವರ್ಷದಿಂದ ಬೈಯುತ್ತಿದ್ದೇನೆ. ಮೊನ್ನೆಯೂ ಕಾಫಿ ಅಂಗಡಿಯಲ್ಲಿ ಶುರು ಮಾಡಿದೆ.

ಅಕ್ಕ ಟೈಪ್‌ರೈಟರಿನ ಮೇಲೆ ಕೈಯಿಟ್ಟಳು. ನೋಡದೆಯೇ ಕಿರುಬೆರಳು ತನ್ನ ಜಾಗಕ್ಕೆ ಹೋಯಿತು.

"ಅವರ ಮುಖ ಯಾವತ್ತೋ ಮರ್ತೋಯ್ತು ಕಣೋ. ಅವರಿಗೆ ನಾನ್ಯಾರು, ನಗ್ತಾರೆ. ಅವತ್ತು ಮನೆಗ್ ಬಂದು ಹೇಳ್ದಾಗ ನೀನೂ ನಕ್ಕೆ. ಕಿರುಬೆರಳು ಎತ್ಕೊಂಡು ಮನೆ ತುಂಬಾ ಕುಣ್ದೆ. ನಿಂಗೆ ಎಲ್ಲಾ ಹೆಸರೂ ಬರ್ತಿತ್ತು. ಒಂದು ಸಂಜೆ ಕೂತು ಹೇಳ್ಕೊಡ್ಬಹುದಿತ್ತು."

ನನ್ನ ಕಾಫಿ ಆರಿತು. ಕೋಪ ಆರಿಲ್ಲ. ಆದರೆ ಈಗ ಬೈಯಲು ಆ ಮೂವರು ಸಾಲುತ್ತಿಲ್ಲ.