ಕಂದೀಲಿನ ಗಾಜು ಎತ್ತಿದ್ದು ನಾನು

ನಾನು ಚಿಕ್ಕವನಿದ್ದಾಗ ಗುಂಜಿ ಹಳ್ಳಿಯ ನಮ್ಮ ಮನೆಗೆ ಕರೆಂಟು ಬಂದಿರಲಿಲ್ಲ. ನಮ್ಮದು ಜೈನರ ಮನೆ. ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು. ಮಳೆಗಾಲದಲ್ಲಿ ದೀಪಕ್ಕೆ ಹುಳ ಮುತ್ತುತ್ತವೆಂದು ಓದುವುದಕ್ಕೆ ಮಾತ್ರ ಒಂದೇ ಕಂದೀಲು ಹಚ್ಚುತ್ತಿದ್ದರು. ಉರಿಗೆ ಒಂದು ಹುಳವೂ ಬೀಳದಂತೆ ಅದರ ಗಾಜನ್ನು ನೋಡಿಕೊಳ್ಳುವ ಕೆಲಸ ಅಕ್ಕನದು.

ಆ ಸಂಜೆ ಹೊರಗೆ ಜಿಟಿಜಿಟಿ ಮಳೆ. ಒಳಗೆ ಸೀಮೆಎಣ್ಣೆಯ ಘಾಟು, ಒದ್ದೆ ಕಂಬಳಿಯ ವಾಸನೆ. ಅಕ್ಕ ಇಂಗ್ಲಿಷ್ ನಿಘಂಟು ಬಿಡಿಸಿಕೊಂಡು ಕುಳಿತಿದ್ದಳು.

"ಬೆಳಕ ಅತ್ತಾಗ ಇತ್ತಾಗ ಅಳ್ಳಾಡತೈತಲ್ಲ, ಅದಕ್ಕ ಫ್ಲಿಕರ್ ಅಂತಾರ. ಭಾಳ ಹಿಂದ ಹಕ್ಕಿ ರೆಕ್ಕಿ ಪಟಪಟ ಬಡಿಯೂದಕ್ಕ ಹಂಗ ಅಂತಿದ್ರಂತ. ಬೆಳಕಿಗೆ ಅನ್ನಾಕತ್ತಿದ್ದು ಆಮ್ಯಾಲ" ಎಂದಳು.

ರೆಕ್ಕೆಗೂ ದೀಪಕ್ಕೂ ಎಲ್ಲಿಯ ನಂಟು? ನೋಡಲೇಬೇಕು ಅನ್ನಿಸಿತು. ಗಾಜಿನೊಳಗಿನ ಉರಿಯೋ ಕದಲುತ್ತಲೇ ಇರಲಿಲ್ಲ. ಅವ್ವ ಕರೆದಳೆಂದು ಅಕ್ಕ ಎದ್ದು ಹೋದದ್ದೇ ತಡ, ಕಂದೀಲಿನ ಪಕ್ಕದ ತಂತಿಕಡ್ಡಿ ಒತ್ತಿ ಗಾಜನ್ನು ಮೇಲೆತ್ತಿದೆ. ಗಾಳಿಗೆ ಉರಿ ನಡುಗಿತು, ಗೋಡೆಯ ಮೇಲೆ ನೆರಳು ಕುಣಿಯಿತು. ಎಷ್ಟು ಚೆಂದ ಅಂದುಕೊಳ್ಳುವಷ್ಟರಲ್ಲಿ ಕಂದುಬಣ್ಣದ ಪತಂಗವೊಂದು ಬಂದು ಉರಿಗೆ ಬಿತ್ತು. ಪಟಪಟ ರೆಕ್ಕೆ ಬಡಿದ ಸದ್ದು, ಆಮೇಲೆ ಸುಟ್ಟ ವಾಸನೆ. ಗಾಜು ಇಳಿಸಿ, ಪುಸ್ತಕ ಹಿಡಿದು ಕುಳಿತೆ.

ಸತ್ತ ಪತಂಗ ಅವ್ವನ ಕಣ್ಣಿಗೆ ಬಿತ್ತು. "ಗಾಜು ಸರೀ ಕೂಡಿಸಿರಲಿಲ್ಲೇನ?" ಎಂದು ಅಕ್ಕನನ್ನು ಕೇಳಿದಳು. ಅಕ್ಕನಿಗೆ ನನ್ನ ಮೇಲೆ ಸಂಶಯವೇ ಬರಲಿಲ್ಲ.

"ನಂದ ತಪ್ಪಾತವ್ವ. ಮಳಿಗಾಲ ಮುಗಿಯೂತನಕ ಬೆಲ್ಲ ಬಿಡತೀನಿ" ಎಂದಳು. ತಪ್ಪಾದರೆ ಹೀಗೆ ಇಷ್ಟದ ತಿನಿಸೊಂದನ್ನು ಬಿಡುವುದು ನಮ್ಮ ಮನೆಯ ನೇಮ. ನಾನು ಪುಸ್ತಕದ ಹಾಳೆ ತಿರುವಿದೆ.

ನಾಗರ ಪಂಚಮಿಗೆ ಅವ್ವ ಎಳ್ಳು ಬೆಲ್ಲದ ಉಂಡಿ ಕಟ್ಟಿದಳು. ಅಕ್ಕ ತನ್ನ ಪಾಲಿನದನ್ನು ನನ್ನ ತಾಟಿಗೆ ಹಾಕಿ, "ತಿನ್ನೋ, ನಿನಗ ಭಾಳ ಸೇರತಾವ" ಎಂದಳು. ನಾನು ನಾಚಿಕೆಗೆಟ್ಟವನು, ತಿಂದೆ. ತಾಟಿಗೆ ಅಂಟಿದ ಎಳ್ಳನ್ನೂ ಬಿಡಲಿಲ್ಲ, ಮಕ್ಕಳೇ.

ಈಗ ಬೆಳಗಾವಿಯ ನಿಮ್ಮ ಮನೆಯಲ್ಲಿ ಗುಂಡಿ ಒತ್ತಿದರೆ ಬೆಳಕು. ಹುಳ ಬಂದರೂ ಬಲ್ಬಿಗೆ ಬಡಿದು ಹಾರಿಹೋಗುತ್ತದೆ. ನಿನ್ನೆ ನೀವು, "ಅಜ್ಜಾ, ಟ್ಯೂಬ್‌ಲೈಟ್ ಫ್ಲಿಕರ್ ಆಗಾಕತ್ತೈತಿ, ಹಂಗಂದ್ರೇನು?" ಎಂದು ಕೇಳಿದಾಗ ಪದದ ಅರ್ಥವನ್ನಷ್ಟೇ ಹೇಳಿ ಎದ್ದುಬಿಟ್ಟೆ. ಉಳಿದದ್ದು ಇದು.

ಅಕ್ಕ ಖಾನಾಪುರದಲ್ಲಿದ್ದಾಳೆ. ಉಂಡಿ ಒಯ್ದು ಕೊಡೋಣವೆಂದರೆ ಅವಳಿಗೀಗ ಸಕ್ಕರೆ ಕಾಯಿಲೆ, ಬೆಲ್ಲ ಮುಟ್ಟುವಂತಿಲ್ಲ. ಈ ಭಾನುವಾರ ಬರಿಗೈಯಲ್ಲೇ ಹೋಗುತ್ತೇನೆ. ನೀವೂ ಜೊತೆಗೆ ಬನ್ನಿ. ಒಬ್ಬನೇ ಹೋದರೆ ಈ ಸಲವೂ ಹೇಳದೆ ಬಂದುಬಿಟ್ಟೇನು.