ಬಿಲ್ಲು ದಿಲ್ಲಿಗೆ ಹೋದಾಗ ಅವ್ವ ಪಂಚಾಯ್ತಿಗೆ ಹೋದಳು

ಬೆಂಗಳೂರಿನಲ್ಲಿ ಅಧಿವೇಶನ ಮುಗಿದ ಮೇಲೆ ನಮ್ಮ ಶಾಸಕರು ಹಾನಗಲ್ ತಾಲ್ಲೂಕಿನ ಊರೂರು ತಿರುಗುತ್ತಿದ್ದರು. ಜೀಪು ನಮ್ಮೂರ ಪಂಚಾಯ್ತಿ ಕಟ್ಟೆಯ ಮುಂದೆ ನಿಂತರೆ ಊರಿಗೆ ಊರೇ ಅಲ್ಲಿರುತ್ತಿತ್ತು. ಯಾವ ಬಿಲ್ಲು ಬಂತು, ಯಾವುದು ಪಾಸಾಯಿತು ಎಂದು ಬೀಗರ ಮನೆಯ ಸುದ್ದಿ ಹೇಳುವ ಹಾಗೆ ರುಚಿಯಾಗಿ ಹೇಳುತ್ತಿದ್ದರು. ಮಾತು ಎಲ್ಲಿ ನಿಲ್ಲಿಸಬೇಕು ಎಂಬುದು ಮಾತ್ರ ಅವರಿಗೆ ತಿಳಿಯುತ್ತಿರಲಿಲ್ಲ.

ಎಂಬತ್ತರ ದಶಕದ ಆರಂಭದಲ್ಲಿ ಒಂದು ಸಂಜೆ ಅವರು, “ಹೊಸಾ ಪಂಚಾಯ್ತಿ ಬಿಲ್ಲು ಕೆಳಮನ್ಯಾಗ ಪಾಸಾತು. ಇನ್ನ ನಾಕ ಸೀಟಿನ್ಯಾಗ ಒಂದು ಹೆಣ್ಮಕ್ಕಳಿಗೆ!” ಅಂದರು. ಅದುವರೆಗೆ ನಮ್ಮೂರಲ್ಲಿ ಹೆಣ್ಣು ಮೆಂಬರ್ ಎಂದರೆ ಚೇರಮನ್ನರ ಹೆಂಡತಿ. ಅವರು ಮೀಟಿಂಗಿಗೆ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಸಹಿ ಮಾಡುವ ಪುಸ್ತಕವೇ ಅವರ ಅಡುಗೆಮನೆಗೆ ಹೋಗಿ ಬರುತ್ತಿತ್ತು.

ನಮ್ಮ ಓಣಿಯ ಹೆಂಗಸರು ತಡ ಮಾಡಲಿಲ್ಲ. ಮುಂದಿನ ಶುಕ್ರವಾರವೇ, ಯಾರೆದುರೂ ಮಾತಿಗೆ ಅಂಜದ ಅವ್ವನನ್ನು ಮಣೆಯ ಮೇಲೆ ಕೂರಿಸಿ, ಕುಬಸದ ಕಣ, ಅಕ್ಕಿ, ಒಣಕೊಬ್ಬರಿ ಹಾಕಿ ಉಡಿ ತುಂಬಿಬಿಟ್ಟರು. ಅವರ ಲೆಕ್ಕದಲ್ಲಿ ಅವ್ವ ಮೆಂಬರ್ ಆದಳು. ಅವ್ವನಿಗೆ ಬೇಕಾಗಿದ್ದುದು ಒಂದೇ. ನರ್ಸಬಾಯಿ ಹಾನಗಲ್ಲಿನಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗಿಬಿಡುತ್ತಿದ್ದಳು. ನಮ್ಮಕ್ಕನ ಹೆರಿಗೆ ರಾತ್ರಿ ಹಾನಗಲ್ ಆಸ್ಪತ್ರೆಯ ದಾರಿಯಲ್ಲಿ, ಚಕ್ಕಡಿಯಲ್ಲೇ ಆಗಿತ್ತು. ತಾಯಿ ಮಗು ಉಳಿದದ್ದು ನಮ್ಮ ಪುಣ್ಯ. ನರ್ಸಬಾಯಿಗೆ ಊರಲ್ಲೇ ಇರಲು ಒಂದು ಖೋಲಿ ಕಟ್ಟಿಸಬೇಕೆಂದು ಅವ್ವ ಅಂದೇ ನಿಶ್ಚಯಿಸಿದ್ದಳು.

ಮುಂದಿನ ಮೀಟಿಂಗಿಗೆ ಅವ್ವ ಇಳಕಲ್ಲ ಸೀರೆ ಉಟ್ಟು ಹೊರಟಳು. ಹೊಲಿಗೆ ಕಲಿಯಲು ಹೋಗುವುದನ್ನು ಬಿಟ್ಟು ನಾನೂ ಬೆನ್ನು ಹತ್ತಿದೆ. ಅವಳನ್ನು ನೋಡಿ ಚೇರಮನ್ನರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಯವ್ವಾ, ಕೆಳಮನಿ ಅಷ್ಟ ದಾಟೇತಿ. ಮ್ಯಾಲಿನ ಮನಿ ಐತಿ, ದಿಲ್ಲಿ ಐತಿ, ಆಮ್ಯಾಲೆ ಇಲೆಕ್ಷನ್ ಐತಿ. ಈಗ ಮನೀಗೆ ನಡಿ.”

ಮೆಂಬರುಗಳೆಲ್ಲ ಕೇಕೆ ಹಾಕಿದರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅವರಲ್ಲಿ ಒಬ್ಬಿಬ್ಬರ ಮೋರೆ ಈಗ ನೆನಪಾದರೂ ನನ್ನ ಮೈ ಉರಿಯುತ್ತದೆ. ಅವ್ವ ಸೆರಗು ಸರಿಪಡಿಸಿಕೊಂಡು ಬಾಗಿಲ ಬಳಿ ಕುಳಿತಳು. “ಹಂಗಾರ ಅದು ಬರೂಮಟಾ ಕೇಳ್ಕೋತ ಕುಂದರ್ತೇನಿ,” ಅಂದಳು. ಏಳಿಸುವ ಧೈರ್ಯ ಯಾರಿಗೂ ಬರಲಿಲ್ಲ.

ಅಂದಿನಿಂದ ಒಂದು ಮೀಟಿಂಗನ್ನೂ ಅವ್ವ ತಪ್ಪಿಸಲಿಲ್ಲ. ಯಾವ ಕೆಲಸವನ್ನು ಹೇಗೆ ಮುಂದೂಡುತ್ತಾರೆ, ಯಾರು ಕೆಮ್ಮಿದರೆ ಯಾರು ಕೈ ಎತ್ತುತ್ತಾರೆ ಎಂಬುದೆಲ್ಲ ಅವಳಿಗೆ ಬಾಯಿಪಾಠವಾಯಿತು. ಅಪ್ಪ ಸಂಜೆ, “ಮೆಂಬರ್ ಬಾಯಾರ, ಒಂದ್ ಕಪ್ ಚಾ ಪಾಸ್ ಮಾಡ್ರಿ,” ಎಂದು ಕಾಡಿಸುತ್ತಿದ್ದ. ಸವಣೂರಿನಿಂದ ಬಳೆ ಮಾರಲು ಬರುತ್ತಿದ್ದ ಚಾಚಿ, ಬುಟ್ಟಿ ಇಳಿಸುವ ಮೊದಲೇ “ಬಿಲ್ಲು ಎಲ್ಲೀಮಟಾ ಬಂತವ್ವಾ?” ಎಂದು ಕೇಳುತ್ತಿದ್ದಳು.

ಶಾಸಕರು ಮತ್ತೆ ಬಂದಾಗ ಅವ್ವ ನೇರವಾಗಿ ಅದನ್ನೇ ಕೇಳಿದಳು. ಅವರು ತಲೆ ಕೆರೆದುಕೊಂಡರು. “ಹ್ವಾದ ಸಲ ನಾ ಅರ್ಧಾ ಹೇಳಿದ್ನಿ. ತಪ್ಪು ನಂದ. ಈಗ ಮ್ಯಾಲಿನ ಮನ್ಯಾಗ ಐತಿ, ತಡಾ ಆಗಾಕತ್ತೇತಿ.” ಅದರ ಮುಂದಿನ ಸಲ ಬಿಲ್ಲು ದಿಲ್ಲಿಗೆ ಹೋಗಿತ್ತು.

“ಅಲ್ಲಿ ಯಾಕ ಕುಂತೇತ್ರಿ?”

“ರಾಷ್ಟ್ರಪತಿಯವರ ಸಹಿ ಆಗಬೇಕವ್ವಾ.”

“ಇಷ್ಟ ದಿನಾ? ಅವರ ಮನ್ಯಾಗ ಏನರ ಮದುವಿ ಐತೇನ್ರಿ?”

ಶಾಸಕರೂ ನಕ್ಕರು. ಆ ನಗುವಿನಲ್ಲಿ ಕುಹಕವಿರಲಿಲ್ಲ. ಅಲ್ಲಿಂದಾಚೆ ಯಾವ ಬಿಲ್ಲಿನ ಸುದ್ದಿ ಹೇಳಿದರೂ ಅದು ಎಲ್ಲಿದೆ, ಇನ್ನೆಷ್ಟು ಬಾಗಿಲು ದಾಟಬೇಕು ಎಂಬುದನ್ನು ಅವ್ವನ ಕಡೆ ನೋಡಿಕೊಂಡೇ ಹೇಳುತ್ತಿದ್ದರು.

ವರ್ಷಗಳು ಕಳೆದವು. ಕೊನೆಗೂ ಸಹಿ ಬಿತ್ತು, ಚುನಾವಣೆ ಸಾರಿದರು. ಆಗ ಎದ್ದಿತು ಪೀಕಲಾಟ. ನಮ್ಮೂರ ಪಾಲಿಗೆ ಬಂದ ಒಂದೇ ಹೆಂಗಸರ ಸೀಟಿಗೂ ಚೇರಮನ್ನರು ತಮ್ಮ ಹೆಂಡತಿಯ ಹೆಸರನ್ನೇ ಬರೆಸುತ್ತಾರಂತೆ ಎಂದು ಊರೆಲ್ಲ ಗುಲ್ಲಾಯಿತು. ಅವರ ಮನೆಗೆ ಎದುರು ನಿಂತು ಗೆಲ್ಲುವುದು ಆಗದ ಮಾತು. ಅವ್ವ ಎರಡು ದಿನ ನೆಟ್ಟಗೆ ಊಟ ಮಾಡಲಿಲ್ಲ.

ಮೂರನೆಯ ದಿನ ನಡುಮಧ್ಯಾಹ್ನ ಚೇರಮನ್ನರ ಹೆಂಡತಿ ನಮ್ಮ ಬಾಗಿಲಲ್ಲಿ ನಿಂತಿದ್ದರು. ಅವರು ನಮ್ಮ ಓಣಿಗೆ ಕಾಲಿಟ್ಟದ್ದು ಅದೇ ಮೊದಲು. ಅವ್ವ ಗಡಬಡಿಸಿ ಚಾಪೆ ಹಾಸಿದಳು.

“ಕುಂದರಾಕ ಬಂದಿಲ್ಲ ತಂಗೀ. ನಾ ವಲ್ಲೆ ಅಂತ ನಮ್ಮವರಿಗೆ ಹೇಳೇನಿ. ಅಲ್ಲಿ ನಾ ಏನ್ ಮಾತಾಡ್ಲಿ? ಎಲ್ಲಾ ಕೇಳಿದಾಕಿ ನೀ.” ಆಮೇಲೆ ಅವರ ದನಿ ಇಳಿಯಿತು. “ನನ್ನ ಮಗಳ ಕೂಸು ಚಕ್ಕಡ್ಯಾಗ ಹೋತು. ದವಾಖಾನಿ ದೂರ ಉಳೀತು, ನಡುವಿನ ಅಕ್ಕಿಆಲೂರ ಸೈತ ಮುಟ್ಟಲಿಲ್ಲ. ಆ ನರ್ಸಬಾಯಿ ಖೋಲಿ ಒಂದು ಮಾಡಸು.”

ಆ ಸಂಗತಿ ನಮಗೆ ಗೊತ್ತಿರಲಿಲ್ಲ. ದೊಡ್ಡವರ ಮನೆಯ ದುಃಖ ಹೊಸ್ತಿಲು ದಾಟಿ ಬಂದಿರಲಿಲ್ಲ. ಅವ್ವ ಅವರ ಕೈ ಹಿಡಿದುಕೊಂಡಳು.

ಅವ್ವ ಅವಿರೋಧವಾಗಿ ಆರಿಸಿ ಬಂದಳು. ಖೋಲಿಯ ಮಾತು ಎತ್ತಿದಾಗ ಒಬ್ಬ ಮೆಂಬರ್ ಕೆಮ್ಮಿದ. ಅದನ್ನು ಮುಂದಿನ ಮೀಟಿಂಗಿಗೆ ನೂಕುವ ಕೆಮ್ಮು ಎಂಬುದು ಅವ್ವನಿಗೆ ಗೊತ್ತಿತ್ತು. “ಕೆಮ್ಮಿಗೆ ಔಷಧಾ ಕೊಡಾಕರ ನರ್ಸಬಾಯಿ ಊರಾಗ ಇರಬೇಕಲ್ರಿ,” ಅಂದಳು. ಎಲ್ಲರ ಕೈಗಳೂ ಮೇಲೆದ್ದವು. ಚೇರಮನ್ನರೂ ಎತ್ತಿದರು.

ನರ್ಸಬಾಯಿ ಟ್ರಂಕು ಇಳಿಸಿದ ದಿನ ರೊಟ್ಟಿ, ಪಲ್ಯ ಕಟ್ಟಿಕೊಂಡು ಮೊದಲು ಬಂದವರು ಚೇರಮನ್ನರ ಹೆಂಡತಿ. ಗಂಟು ಕೆಳಗಿಟ್ಟು, ಹಸಿ ಸುಣ್ಣದ ಗೋಡೆಗೆ ಅಂಗೈ ಒತ್ತಿ ನಿಂತರು. ಹಾಗೆ ನಿಂತಲ್ಲೇ ಅಳತೊಡಗಿದರು. ನಾನು ಸಮಾಧಾನ ಮಾಡಲು ಹೋದೆ. ಅವ್ವ ನನ್ನ ತೋಳು ಹಿಡಿದು ತಡೆದಳು.

“ಅಳ್ಲಿ ಬಿಡು,” ಅಂದಳು. “ಇಷ್ಟ ವರ್ಷ ಅವರಿಗೆ ಅಳಾಕ ಜಾಗಾ ಇರಲಿಲ್ಲ.”