ನಾನು ತಲುಪಿಸದ ಪದಕ

ನಮ್ಮ ತಾಯಿ, ಅಬ್ಬಿ, ತಂಗಿ ಜಲಜಳಿಗೆಂದು ಕೊಟ್ಟ ಪದಕವನ್ನು ನಾನು ತಲುಪಿಸಲಿಲ್ಲ. ಹನ್ನೆರಡು ವರ್ಷ ಅದು ನನ್ನ ಪೆಟ್ಟಿಗೆಯಲ್ಲೇ ಇತ್ತು — ಮರೆತೆನೆಂದಲ್ಲ.

ಜಲಜ ತಾನು ಮೆಚ್ಚಿದವನನ್ನು ಮನೆಗೆ ಹೇಳದೆ ಮದುವೆಯಾಗಿ ಸಾಸ್ತಾನಕ್ಕೆ ಹೋದಳು. ಅವಳ ಹೆಸರೆತ್ತಕೂಡದೆಂದು ಅಪ್ಪಯ್ಯ ಕಟ್ಟಪ್ಪಣೆ ಮಾಡಿದರು. ಆರು ತಿಂಗಳ ಮೇಲೆ, ಕುಂದಾಪುರದ ಸಂತೆಯಲ್ಲಿ ನಾವಿಬ್ಬರೂ ಮೀನಿನ ಬುಟ್ಟಿ ಇಳಿಸಿ ಕೂತಿದ್ದಾಗ, ಸೆರಗಿನ ಗಂಟು ಬಿಚ್ಚಿ ತನ್ನ ಪದಕವನ್ನು ನನ್ನ ಕೈಗಿಟ್ಟಳು. ಅದರ ಕೆಂಪು ಕಲ್ಲು ಮುಚ್ಚಳದ ಹಾಗೆ ತೆರೆಯುತ್ತಿತ್ತು.

“ಒಳ್ಗೆ ಚಿನ್ನದ ಆಚಾರ್ರ ಹತ್ರ ಬರ್ಸಿದ್ದೆ. ಜಲಜಂಗ್ ಕೊಡ್. ಅಪ್ಪಯ್ಯಂಗ್ ಗೊತ್ತಾಪ್ದ್ ಬ್ಯಾಡ.”

ಓದು ಬಾರದ ಅಬ್ಬಿ ಕೊರೆಸಿದ್ದು ಇಷ್ಟೇ — ಸಿಟ್ಟಿಲ್ಲೆ. ಶನಿವಾರ ಸಂತೆಗ್ ಬಾ.

ಬಸ್ಸು ಹತ್ತಿದೆ. ಸಾಸ್ತಾನದಲ್ಲಿ ಇಳಿಯಲಿಲ್ಲ. ಬ್ರಹ್ಮಾವರದವರೆಗೂ ಹೋಗಿ ತಿರುಗಿ ಬಂದೆ. ದಿನಾ ಬುಟ್ಟಿ ಹೊತ್ತವಳು ನಾನು, ಪದಕ ಮಾತ್ರ ಅವಳಿಗೆ — ಹೀಗೆ ಏನೇನೋ... ಹೊಟ್ಟೆಕಿಚ್ಚು. ಬೇರೆ ಹೆಸರಿಲ್ಲ ಅದಕ್ಕೆ.

“ಕೊಟ್ಯಾ? ಎಂತ ಹೇಳ್ತ್ ಜಲಜ?” ಅಬ್ಬಿ ಕೇಳಿದಳು.

“ತಕಂತ್. ಎಂತದೂ ಹೇಳ್ಲಿಲ್ಲ.”

ಆಮೇಲಿನ ಶನಿವಾರಗಳು... ಬಸ್ಸು ನಿಂತಾಗಲೆಲ್ಲ ಅಬ್ಬಿಯ ಕೈಯ ಕತ್ತಿ ನಿಲ್ಲುತ್ತಿತ್ತು. ಗಿರಾಕಿ ಕರೆದರೂ ಕೇಳಿಸುತ್ತಿರಲಿಲ್ಲ. ಪಕ್ಕದಲ್ಲಿ ನಾನು ತಲೆ ಎತ್ತದೆ ಬಂಗುಡೆ ಜೋಡಿಸುತ್ತಿದ್ದೆ. ಎಲ್ಲಿ ಜಲಜ ತಾನಾಗಿಯೇ ಬಂದುಬಿಡುತ್ತಾಳೋ ಎಂಬ ಹೆದರಿಕೆ. ಒಂದು ಮಾತು — ಒಂದೇ ಒಂದು ಮಾತು ಹೇಳಬಹುದಿತ್ತು. ಎರಡು ವರ್ಷ ಹೇಳಲಿಲ್ಲ. ಅಬ್ಬಿ ಹೋದಳು.

ಅಂಗಳದಲ್ಲಿ ಮಲಗಿಸಿದ್ದ ಅಬ್ಬಿಯ ಕಾಲ ಬಳಿ ಜಲಜ ಕೇಳಿದಳು, “ಅಕ್ಕಾ, ಅಬ್ಬಿ ನನ್ನ್ ಒಂದ್ಸಲವೂ ನೆನೆಸ್ಲಿಲ್ಯಾ?”

“ಇಲ್ಲ” ಎಂದೆ. ಹೆತ್ತವಳನ್ನೇ ಬೇಡವೆಂದವಳು ಎಂದು ನೆಂಟರಲ್ಲೆಲ್ಲ ಅವಳ ಹೆಸರು ಕೆಡಿಸಿದ್ದೂ ನಾನೇ.

ಕಳೆದ ವಾರ ನನ್ನ ಮಗಳು ಏನೋ ಹುಡುಕುತ್ತ ಪೆಟ್ಟಿಗೆ ತೆರೆದಳು. “ಅಮ್ಮ, ಇದ್ ಯಾರದ್?” ನನ್ನದು ಎನ್ನಲಾಗಲಿಲ್ಲ; “ಜಲಜಂದ್” ಎಂದೆ. ಮರುದಿನವೇ ಸಾಸ್ತಾನಕ್ಕೆ ಹೋದೆ.

ಜಲಜ ಕಲ್ಲು ತೆರೆದು ಓದಿದಳು. ಮತ್ತೊಮ್ಮೆ ಓದಿದಳು.

“ಯಾವಾಗ ಕೊಟ್ಟದ್ ಇದ್?”

ಎಲ್ಲವನ್ನೂ ಹೇಳಿದೆ. ಸಂತೆಯಲ್ಲಿ ನಿಲ್ಲುತ್ತಿದ್ದ ಆ ಕತ್ತಿಯವರೆಗೂ. ಅವಳು ಅಳಲಿಲ್ಲ.

“ನೀನ್ ಹೋಗ್ ಅಕ್ಕಾ. ಇನ್ ಬಪ್ದ್ ಬ್ಯಾಡ.”

ಬಾಗಿಲು ಹಾಕಿಕೊಂಡಳು. ನಾನು ಬಡಿಯಲಿಲ್ಲ. ಕ್ಷಮೆ ಕೇಳುವ ಮುಖ ನನಗಿಲ್ಲ. ಆದರೆ ಅವಳ ಮೇಲೆ ಹೊರಿಸಿದ್ದನ್ನು ನಾನೇ ಇಳಿಸಬೇಕು. ನಿನ್ನೆ ಗುಲ್ವಾಡಿಯ ಮಾವನ ಮನೆಯಲ್ಲಿ, ಎಲ್ಲರೂ ಊಟಕ್ಕೆ ಕೂತಿದ್ದಾಗ, ಪದಕದ ಕತೆಯನ್ನೆಲ್ಲ ಹೇಳಿದೆ. ಯಾರೂ ತುತ್ತು ಎತ್ತಲಿಲ್ಲ. ನಾಳೆ ಕಿರಿಮಂಜೇಶ್ವರಕ್ಕೆ ಹೋಗುತ್ತೇನೆ, ಚಿಕ್ಕಮ್ಮನ ಮನೆಯಲ್ಲೂ ಹೇಳಲು.